ಮುದ್ದೆಗೆ ಮಾಫಿ, ಅನ್ನಕ್ಕೆ ಮಾತ್ರ ಶಿಕ್ಷೆಯೇ?

ಮದ್ದೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ನಾಲೆ ನೀರಲ್ಲಿ ಭತ್ತ ಬೆಳೆಯುವವನು ನಾನು. ಶುಗರ್ ಬಂದ ಮೇಲೆ ಅನ್ನ ಮುಟ್ಟಿಲ್ಲ. ಹೊತ್ತಿಗೆ ಎರಡು ಮುದ್ದೆ, ಅಷ್ಟೇ. ಆದರೂ ಊಟವಾಗಿ ಎರಡು ಗಂಟೆಗೆ 240 ಇರುತ್ತದೆ. ಇನ್ನೇನು ಬಿಡಲಿ?”

ಬಿಡುವ ಮೊದಲು ಒಂದು ಸಲ ತೂಗಿ ನೋಡಿ, ಸ್ವಾಮಿ. ನಿಮ್ಮ ಕಾಗದ ಓದಿ ನಮ್ಮನೆಯಲ್ಲಿ ಒಂದು ಮುದ್ದೆಯ ಹಿಟ್ಟು ತೂಗಿಸಿದೆ. 100 ಗ್ರಾಂ ಇತ್ತು. ಅದರಲ್ಲಿ ಪಿಷ್ಟವೇ ಹತ್ತಿರಹತ್ತಿರ 70 ಗ್ರಾಂ. ಎರಡು ಮುದ್ದೆಗೆ 140. ಒಂದು ಸಣ್ಣ ಬಟ್ಟಲು ಅನ್ನದಲ್ಲಿ, ಅಂದರೆ 150 ಗ್ರಾಂ ಅನ್ನದಲ್ಲಿ, ಇರುವುದು ಸುಮಾರು 45. ಅನ್ನ ಬಿಟ್ಟೆ ಅಂದುಕೊಂಡು ಮೂರು ಬಟ್ಟಲು ಅನ್ನದಷ್ಟನ್ನು ಮುದ್ದೆಯಲ್ಲಿ ನುಂಗುತ್ತಿದ್ದೀರಿ! ರಾಗಿಯಲ್ಲಿ ನಾರು ಜಾಸ್ತಿ, ನಿಜ. ಆದರೆ ನುಣ್ಣಗೆ ಬೀಸಿಸಿದ ಹಿಟ್ಟು ಬೇಗ ಅರಗುತ್ತದೆ.

ಒಂದು ಮುದ್ದೆ ಸಾಕು. ಅದೂ ಚಿಕ್ಕದು. ಅನ್ನ ಬೇಕೆನಿಸಿದ ದಿನ ಮುದ್ದೆ ಬೇಡ, ಒಂದು ಬಟ್ಟಲು ಅನ್ನ ಉಣ್ಣಿ. ಎರಡೂ ಸೇರಿದರೇ ತಾಪತ್ರಯ. ನಿಮ್ಮ ಕಡೆ ಬಸ್ಸಾರು ಮಾಡುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಉಪಾಯ ಬೇರೆ ಬೇಕಿಲ್ಲ. ಆದರೆ ನಾವು ಸಾರನ್ನು ಅನ್ನಕ್ಕೆ ಸುರಿದುಕೊಂಡು, ಸೊಪ್ಪು-ಕಾಳಿನ ಪಲ್ಯವನ್ನು ತಟ್ಟೆಯ ಅಂಚಿನಲ್ಲಿ ನೆಂಚಿಕೊಳ್ಳಲು ಇಟ್ಟುಕೊಳ್ಳುತ್ತೇವೆ. ಅದನ್ನು ತಿರುಗಿಸಿ. ಅರ್ಧ ತಟ್ಟೆ ಪಲ್ಯ ಹಾಕಿಸಿಕೊಂಡು, ಮೊದಲು ಅದನ್ನೇ ತಿನ್ನಿ. ಕಾಳು, ಮೊಟ್ಟೆ ಏನಿದ್ದರೂ ಆಗಲೇ. ಅನ್ನ ಆಮೇಲೆ. ಹೀಗೆ ತಿಂದರೆ ಶುಗರ್ ಏರುವುದು ನಿಧಾನ. ನಾನೂ ಮಾತ್ರೆ ನುಂಗುವವನೇ, ಮೀಟರಿನಲ್ಲಿ ನೋಡಿಯೇ ಹೇಳುತ್ತಿದ್ದೇನೆ.

ಗಂಜಿ ಬಸಿದರೆ ಸಕ್ಕರೆಯೆಲ್ಲ ಹೋಗುತ್ತದೆ, ತಂಗಳನ್ನ ಏನೂ ಮಾಡಲ್ಲ ಎನ್ನುವವರಿದ್ದಾರೆ. ಸ್ವಲ್ಪ ವ್ಯತ್ಯಾಸ ಆಗಬಹುದು. ಇನ್ನೊಂದು ಸೌಟು ಹಾಕಿಸಿಕೊಳ್ಳುವಷ್ಟಲ್ಲ. ಪಾಲಿಶ್ ಕಡಿಮೆ ಮಾಡಿಸಿದ ಅಕ್ಕಿ ವಾಸಿ. ಗದ್ದೆ ನಿಮ್ಮದೇ, ಮಿಲ್ಲಿನಲ್ಲಿ ಹೇಳಿದರಾಯಿತು.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಊಟವನ್ನು ದಿಢೀರನೆ ಅರ್ಧಕ್ಕೆ ಇಳಿಸಬೇಡಿ. ಮೊದಲು ಡಾಕ್ಟರಿಗೆ ಹೇಳಿ. ಬೆವರಿ, ಕೈ ನಡುಗಿ, ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಆಗ ಪಥ್ಯ ನೋಡಬೇಡಿ. ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ.

ಒಂದು ದಿನ ಒಂದು ಮುದ್ದೆ, ಇನ್ನೊಂದು ದಿನ ಒಂದು ಬಟ್ಟಲು ಅನ್ನ. ಎರಡಕ್ಕೂ ಅದೇ ಬಸ್ಸಾರು. ಎರಡು ಗಂಟೆಗೆ ಚುಚ್ಚಿ ನೋಡಿ, ಬರೆದಿಡಿ. ಸಾಮಾನ್ಯವಾಗಿ 180ರೊಳಗೆ ಇರಬೇಕು ಎನ್ನುತ್ತಾರೆ. ಚೀಟಿ ಡಾಕ್ಟರಿಗೆ ತೋರಿಸಿ. ಹಾಂ, ಈ ಉತ್ತರವನ್ನು ಮನೆಯಲ್ಲಿ ಬಡಿಸುವವರಿಗೂ ಓದಿ ಹೇಳಿ.