ದೀಪದ ಕಂಬ ಕಾಡಿಗೆ ಬಂದದ್ದು ಹೇಗೆ?

ಸಿ. ಎಸ್. ಲೂಯಿಸ್ ಅವರ, ನಾರ್ನಿಯಾ ಎಂಬ ಮಾಯಾಲೋಕದ ಕಥಾಸರಣಿಯ ಪೂರ್ವಕಥೆ ‘ದಿ ಮೆಜೀಶಿಯನ್ಸ್ ನೆಫ್ಯೂ’ ಗ್ರೇಟಾ ಗರ್ವಿಗ್ ನಿರ್ದೇಶನದಲ್ಲಿ ನೆಟ್‌ಫ್ಲಿಕ್ಸ್‌ಗಾಗಿ ಸಿನಿಮಾ ಆಗುತ್ತಿದೆ. ಸುದ್ದಿ ಹಬ್ಬಿದ ಮೇಲೆ ದೊಡ್ಡವರು, ಮಕ್ಕಳು ಎಲ್ಲರೂ ತಮ್ಮ ತಮ್ಮ ಊಹೆ ಕಟ್ಟುತ್ತಿದ್ದಾರೆ. ಆ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಪುಸ್ತಕ ಇನ್ನೂ ಓದದವರು ಮೊದಲ ಉತ್ತರಕ್ಕೇ ನಿಲ್ಲಿಸಿದರೆ ಒಳ್ಳೆಯದು. ಮುಂದೆ ಗುಟ್ಟುಗಳೆಲ್ಲ ಬಯಲಾಗುತ್ತವೆ.

ಮಗಳಿಗೆ ಹತ್ತು ವರ್ಷ. ಏಳು ಪುಸ್ತಕಗಳ ಸೆಟ್ ತಂದಿದ್ದೇವೆ. ಬೆನ್ನಿನ ಮೇಲೆ ‘ಮೆಜೀಶಿಯನ್ಸ್ ನೆಫ್ಯೂ’ಗೆ 1 ಎಂದು ಹಾಕಿದ್ದಾರೆ. ಸಿನಿಮಾ ಕೂಡ ಅದೇ. ಅಲ್ಲಿಂದಲೇ ಶುರು ಮಾಡಲೇ? — ಮೈಸೂರು

ಬೇಡ. 2 ಎಂದು ಹಾಕಿರುವ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ ಮೊದಲು ಕೊಡಿ. ಅದು ಬಂದದ್ದು 1950ರಲ್ಲಿ, ಪೂರ್ವಕಥೆ 1955ರಲ್ಲಿ. ಏಳರಲ್ಲಿ ಅದು ಆರನೆಯದು. ಬೆನ್ನಿನ ಮೇಲಿನ ಈ ಸಂಖ್ಯೆ ಕಥೆಯ ಕಾಲಕ್ರಮದ್ದು. ಪ್ರಕಾಶಕರಾದ ಹಾರ್ಪರ್‌ಕಾಲಿನ್ಸ್ 1994ರಲ್ಲಿ ಈ ಕ್ರಮಕ್ಕೆ ಬದಲಾಯಿಸಿತು. ಅದಕ್ಕೆ ಆಧಾರ 1957ರ ಒಂದು ಪತ್ರ. ಕಾಲಕ್ರಮದಲ್ಲಿ ಓದಬೇಕೆಂದು ಅಮೆರಿಕದ ಒಬ್ಬ ಹುಡುಗ, ಬಂದ ಕ್ರಮದಲ್ಲೇ ಓದಬೇಕೆಂದು ಅವನ ತಾಯಿ. ಲೂಯಿಸ್ ಹುಡುಗನ ಪರ ನಿಂತರು. ಆದರೆ ಕ್ರಮ ಅಷ್ಟೇನೂ ಮುಖ್ಯವಲ್ಲವೇನೋ ಎಂದೂ ಅದೇ ಪತ್ರದಲ್ಲಿ ಬರೆದರು.

ನಮ್ಮ ಮತ ತಾಯಿಗೆ. 1950ರ ಪುಸ್ತಕದಲ್ಲಿ ಅಸ್ಲಾನ್ ಹೆಸರು ಮೊದಲ ಸಲ ಕಿವಿಗೆ ಬೀಳುವಾಗ, ಆತ ಯಾರೆಂದು ನಿಮಗೆ ಗೊತ್ತಿಲ್ಲದಂತೆಯೇ ಆ ಮಕ್ಕಳಿಗೂ ಗೊತ್ತಿರಲಿಲ್ಲ ಎಂದು ನಿರೂಪಕರು ಓದುಗರಿಗೇ ಹೇಳುತ್ತಾರೆ. ಪೂರ್ವಕಥೆ ಓದಿ ಬಂದ ಮಗುವಿಗೆ ಆ ಮಾತೇ ಸುಳ್ಳಾಗುತ್ತದೆ. ಹಿಮದ ನಡುವೆ ದೀಪದ ಕಂಬ ಕಂಡಾಗ ಆಗಬೇಕಾದ ಬೆರಗೂ ಹೋಗುತ್ತದೆ.

ಮೊದಲ ಪುಸ್ತಕದಲ್ಲಿ 17 ಅಧ್ಯಾಯ, ಪೂರ್ವಕಥೆಯಲ್ಲಿ 15. ರಾತ್ರಿಗೊಂದರಂತೆ ಓದಿ ಹೇಳಿದರೆ 32 ದಿನ ಸಾಕು, ಸಿನಿಮಾಕ್ಕೆ ಇಷ್ಟು ತಯಾರಿ ಧಾರಾಳ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡಿ: ವಾರ್ಡ್‌ರೋಬ್ ಎಂದರೆ ನಮ್ಮ ಮನೆಯ ಉಕ್ಕಿನ ಬೀರು ಅಲ್ಲ. ಒಳಗೆ ಹಲಗೆ, ಲಾಕರ್ ಇರುವ ಬೀರುವಿನೊಳಗೆ ನಡೆದು ಹೋಗುವುದು ಮಗುವಿನ ಕಣ್ಣಿಗೆ ಕಟ್ಟುವುದಿಲ್ಲ. ಇದು ಆಳೆತ್ತರದ ಮರದ ಕಪಾಟು, ಒಳಗೆ ಸಾಲಾಗಿ ತುಪ್ಪಳದ ಕೋಟುಗಳು ತೂಗುತ್ತಿರುತ್ತವೆ. ಮರದ್ದು ಎಂಬುದನ್ನು ಒತ್ತಿ ಹೇಳಿ, ಪೂರ್ವಕಥೆಯ ಕೊನೆಯಲ್ಲಿ ಅದಕ್ಕೆ ಕೆಲಸವಿದೆ.

ಕಾಡಿನ ನಡುವೆ ದೀಪದ ಕಂಬ ನೆಟ್ಟವರು ಯಾರು? ತಂತಿ ಎಲ್ಲಿಂದ ಬರುತ್ತದೆ? — ಎಂಟನೇ ತರಗತಿ, ಹುಬ್ಬಳ್ಳಿ

ಯಾರೂ ನೆಡಲಿಲ್ಲ, ಅದು ಬೆಳೆಯಿತು. ಪೂರ್ವಕಥೆ ಹುಟ್ಟಿದ್ದೇ ನಿನ್ನ ಈ ಪ್ರಶ್ನೆಯಿಂದ. ಲೂಯಿಸ್‌ರ ಸ್ನೇಹಿತ ರೋಜರ್ ಲ್ಯಾನ್ಸ್‌ಲಿನ್ ಗ್ರೀನ್ ಇದನ್ನೇ ಕೇಳಿದ್ದರು.

ತಂತಿಯ ಮಾತೇ ಇಲ್ಲ, ಅದು ಲಂಡನ್ನಿನ ಬೀದಿಯ ಗ್ಯಾಸ್ ದೀಪದ ಜಾತಿ. ಅಂಥ ಕಂಬಗಳಲ್ಲಿ ದೀಪದ ಕೆಳಗೆ ಕಬ್ಬಿಣದ ಅಡ್ಡಪಟ್ಟಿ ಇರುತ್ತಿತ್ತು. ದೀಪ ಹಚ್ಚುವವನು ಏಣಿ ಒರಗಿಸುತ್ತಿದ್ದದ್ದು ಅದಕ್ಕೇ. ಲಂಡನ್ನಿಗೆ ಬಂದ ರಾಣಿ ಜೇಡಿಸ್ (ಮುಂದೆ ಬಿಳಿ ಮಾಟಗಾತಿ ಆಗುವವಳು) ಅದನ್ನು ಬರಿಗೈಯಲ್ಲಿ ಕಿತ್ತು ಪೊಲೀಸರಿಗೆ ಬಾರಿಸುತ್ತಾಳೆ. ಲೋಕದಿಂದ ಲೋಕಕ್ಕೆ ಒಯ್ಯುವ ಮಾಯದ ಉಂಗುರಗಳ ಎಳೆತದಲ್ಲಿ ಎಲ್ಲರೂ ಹೊಸ ಲೋಕಕ್ಕೆ ಬಂದಾಗಲೂ ಪಟ್ಟಿ ಅವಳ ಕೈಯಲ್ಲೇ ಇದೆ. ಅಲ್ಲಿ ಅಸ್ಲಾನ್ ಎಂಬ ಸಿಂಹ ಹಾಡುತ್ತಾ ನಾರ್ನಿಯಾವನ್ನು ಸೃಷ್ಟಿಸುತ್ತಿರುತ್ತಾನೆ. ಅವಳು ಎಸೆದ ಪಟ್ಟಿ ಅವನ ಎರಡು ಕಣ್ಣಿನ ನಡುವೆ ಬಡಿದು ಹುಲ್ಲಿಗೆ ಬೀಳುತ್ತದೆ. ಅವನು ನಡೆಯುತ್ತಲೇ ಇರುತ್ತಾನೆ. ಆಗತಾನೇ ಹುಟ್ಟಿದ ನೆಲದಲ್ಲಿ ಜೀವ ಎಷ್ಟು ಉಕ್ಕುತ್ತಿತ್ತೆಂದರೆ ಬಿದ್ದ ಕಬ್ಬಿಣವೂ ಮೊಳೆಯಿತು. ಮೊದಲು ಪುಟ್ಟ ಕಂಬ, ಉರಿಯುವ ದೀಪದ ಸಮೇತ. ನೋಡನೋಡುತ್ತಿದ್ದಂತೆ ಎತ್ತರವಾಯಿತು.

ಇದೊಂದು ಸಲದ ಪವಾಡವಲ್ಲ, ಆ ದಿನದ ಮಣ್ಣಿನ ನಿಯಮ. ಪೂರ್ವಕಥೆಯ ಹುಡುಗ ಡಿಗರಿಯ ಮಾವ, ಮಾಂತ್ರಿಕ ಆಂಡ್ರ್ಯೂನ ಜೇಬಿನಿಂದ ಉದುರಿದ ನಾಣ್ಯಗಳಿಂದ ಚಿನ್ನದ ಮರ, ಬೆಳ್ಳಿಯ ಮರ ಎದ್ದವು. ಮೊದಲ ರಾಜ ರಾಣಿಯರ ಕಿರೀಟಕ್ಕೆ ಲೋಹ ಸಿಕ್ಕಿದ್ದು ಅಲ್ಲಿಂದ. ಡಿಗರಿ, ಅವನ ಗೆಳತಿ ಪಾಲಿ ಬಳಿ ಒಂಬತ್ತು ಟಾಫಿ ಇದ್ದವು. ತಲಾ ನಾಲ್ಕು ತಿಂದು ಒಂಬತ್ತನೆಯದನ್ನು ಹೂತರು, ಬೆಳಗಾಗುವಷ್ಟರಲ್ಲಿ ಟಾಫಿ ಮರ.

ಬಿಳಿ ಮಾಟಗಾತಿ ರಾಕ್ಷಸರ ವಂಶದವಳು ಎಂದು ಮೊದಲ ಪುಸ್ತಕ. ಚಾರ್ನ್ ಎಂಬ ಬೇರೆ ಲೋಕದ ರಾಣಿ ಎಂದು ಪೂರ್ವಕಥೆ. ಯಾವುದು ನಿಜ? — ಶಿವಮೊಗ್ಗ

ಚಾರ್ನ್. ಮೊದಲನೆಯದನ್ನು ಹೇಳಿದ್ದು ಯಾರು ನೋಡಿ, ನಾರ್ನಿಯಾದ ಮಾತಾಡುವ ಪ್ರಾಣಿ ಬೀವರ್. ಒಂದು ಕಡೆ ಆದಮನ ಮೊದಲ ಹೆಂಡತಿ ಲಿಲಿತ್, ಇನ್ನೊಂದು ಕಡೆ ರಾಕ್ಷಸರು ಎಂದು ಅದು ಊಟದ ಮೇಜಿನ ಮುಂದೆ ಹೇಳುತ್ತದೆ. ಲೂಯಿಸ್‌ರ ಕಾಲಪಟ್ಟಿಯ ಪ್ರಕಾರ ಡಿಗರಿಯ ಕಥೆ ನಮ್ಮ 1900ರಲ್ಲಿ, ನಾಲ್ವರು ಮಕ್ಕಳು ಕಪಾಟಿನೊಳಗೆ ಹೋದದ್ದು 1940ರಲ್ಲಿ. ನಮಗೆ ನಲವತ್ತು ವರ್ಷ, ನಾರ್ನಿಯಾದಲ್ಲಿ ಸಾವಿರ. ಸಾವಿರ ವರ್ಷ ಬಾಯಿಂದ ಬಾಯಿಗೆ ಸಾಗಿದ ಮಾತು ಬೀವರ್‌ದು. ಮನುಷ್ಯರು ಹಿಂದೆಂದೂ ಇಲ್ಲಿಗೆ ಬಂದಿಲ್ಲ ಎಂದೂ ಅದು ಹೇಳುತ್ತದೆ. ಆದರೆ ನಾರ್ನಿಯಾದ ಮೊದಲ ರಾಜನೇ ಲಂಡನ್ನಿನ ಸಾರೋಟಿನವ ಫ್ರಾಂಕ್.

ನಿಜವಾಗಿ ತೊಡಕಿರುವುದು ಇನ್ನೊಂದು ಕಡೆ. ಆ ನಾಲ್ವರು ಮಕ್ಕಳಲ್ಲಿ ಒಬ್ಬನಾದ ಎಡ್ಮಂಡ್ ಎದುರಾದಾಗ ಮಾಟಗಾತಿಗೆ ಅವನು ಏನೆಂದೇ ತಿಳಿಯುವುದಿಲ್ಲ. ಗಡ್ಡ ತೆಗೆದ, ಎತ್ತರ ಬೆಳೆದ ಕುಬ್ಜನೇ ಎಂದು ಕೇಳುತ್ತಾಳೆ. ಮನುಷ್ಯಲೋಕದ ಬಾಗಿಲ ವಿಷಯ ಕೇಳಿ ಬಲ್ಲೆ ಎನ್ನುತ್ತಾಳೆ. ಲಂಡನ್ನಿನಲ್ಲಿ ಸಾರೋಟಿನ ಮೇಲೆ ನಿಂತು ಕುದುರೆ ಓಡಿಸಿದವಳು ಹೀಗೆ ಕೇಳುವುದೇ? ಇದು ಯಾರೋ ಹೇಳಿದ ಮಾತಲ್ಲ, ನಮ್ಮ ಕಣ್ಣೆದುರೇ ನಡೆಯುವುದು. ಮರೆತಿದ್ದಳು, ನಟಿಸಿದಳು ಎಂದು ಅಭಿಮಾನಿಗಳು ತೇಪೆ ಹಾಕುತ್ತಾರೆ. ನಮಗೆ ಅವು ಒಪ್ಪಿಗೆಯಾಗುವುದಿಲ್ಲ. ಮೊದಲ ಪುಸ್ತಕ ಬರೆಯುವಾಗ ಇನ್ನೊಂದು ಬರೆಯುತ್ತೇನೆಂದೇ ಗೊತ್ತಿರಲಿಲ್ಲ ಎಂದು ಲೂಯಿಸ್ ಆ 1957ರ ಪತ್ರದಲ್ಲೇ ಹೇಳಿದ್ದಾರೆ. ಹೊಲಿಗೆ ಬಿಟ್ಟದ್ದು ಅಲ್ಲಿ. ಇಂಥವನ್ನು ಸರಿಪಡಿಸುತ್ತೇನೆಂದು 1963ರಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು ಪಫಿನ್ ಪ್ರಕಾಶನದ ಸಂಪಾದಕಿ ಕೇ ವೆಬ್ ಅವರಿಗೆ ಮಾತು ಕೊಟ್ಟಿದ್ದರು. ಆಗಲಿಲ್ಲ.

ಸಿನಿಮಾದಲ್ಲಿ ಲೂಸಿ, ಪೀಟರ್ ಬರುತ್ತಾರಾ? — ಶಾರ್ಜಾ

ಮೂಲ ಪುಸ್ತಕದಲ್ಲಿ ಇಲ್ಲ. ಅವರು ಕಪಾಟಿನೊಳಗೆ ಹೋದ ನಾಲ್ವರು ಮಕ್ಕಳಲ್ಲಿ ಇಬ್ಬರು, ಆ ಕಥೆ ನಡೆಯುವಾಗ ಇನ್ನೂ ಹುಟ್ಟಿಲ್ಲ.

ಹಳದಿ ಉಂಗುರ ಹೋಗಲು, ಹಸಿರು ಉಂಗುರ ಮನೆಗೆ ಮರಳಲು. ಸರಿ ತಾನೆ? — ಧಾರವಾಡ

ಹೆಚ್ಚಿನವರು ಎಡವುವುದು ಇಲ್ಲೇ. ನೀವು ಹೇಳಿದ್ದು ಆಂಡ್ರ್ಯೂ ಮಾವನ ತಿಳಿವಳಿಕೆ. ಅವನು ತಾನೇ ಹೋಗಿ ನೋಡಿದವನಲ್ಲ, ಮೊದಲು ಗಿನಿಪಿಗ್‌ಗಳನ್ನು, ಆಮೇಲೆ ಪಾಲಿಯನ್ನು ಕಳಿಸಿದವನು. ಎರಡೂ ಉಂಗುರಗಳು, ಲೋಕಗಳ ನಡುವೆ ಇರುವ ಒಂದು ಕಾಡಿನ ಮಣ್ಣಿನಿಂದಲೇ ಆದವು. ಹಳದಿ, ನೀವು ಎಲ್ಲಿದ್ದರೂ ಆ ಕಾಡಿಗೆ ಎಳೆಯುತ್ತದೆ. ಹಸಿರು, ಕಾಡಿನಿಂದ ಹೊರಗೆ ದಬ್ಬುತ್ತದೆ. ಯಾವ ಲೋಕಕ್ಕೆ ಎಂಬುದನ್ನು ತೀರ್ಮಾನಿಸುವುದು ಉಂಗುರವಲ್ಲ, ನೀವು ಕಾಲಿಡುವ ಕೊಳ. ಹಸಿರು ಹಾಕಿ ತಪ್ಪು ಕೊಳಕ್ಕೆ ಇಳಿದರೆ ತಪ್ಪು ಲೋಕ. ಕಾಡಿನ ಕೊಳಗಳೆಲ್ಲ ಒಂದೇ ಥರ. ಅದಕ್ಕೇ ಡಿಗರಿ ಹೊರಡುವ ಮೊದಲು ಮನೆಯ ಕೊಳದ ದಡದಲ್ಲಿ ಚಾಕುವಿನಿಂದ ಹುಲ್ಲಿನ ಒಂದು ಪಟ್ಟಿ ಕೊಯ್ದು ಗುರುತು ಮಾಡುತ್ತಾನೆ. ಆ ಗುರುತು ಮರೆತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಿನಿಮಾ ನೋಡುವಾಗ ಈ ದೃಶ್ಯ ಉಳಿದಿದೆಯೇ ಗಮನಿಸಿ.

ಪೂರ್ವಕಥೆಯ ಬಗ್ಗೆ ವಿಡಿಯೊಗಳಲ್ಲಿ ನೂರೆಂಟು ಊಹೆ. ಯಾವುದನ್ನು ನಂಬಲಿ? — ಬೆಂಗಳೂರು

ನಾಲ್ಕು ಕಲಮಿನ ಹಾಳೆ ಮಾಡಿಕೊಳ್ಳಿ: ಊಹೆ, ಅದಕ್ಕೆ ಆಧಾರವಾದ ಸಾಲು, ಅಧ್ಯಾಯ, ಆ ಮಾತು ಹೇಳಿದವರು. ಎರಡನೇ ಕಲಂ ಖಾಲಿ ಇದ್ದರೆ ಬಿಟ್ಟುಬಿಡಿ. ನಾಲ್ಕನೆಯದರಲ್ಲಿ ಪಾತ್ರದ ಹೆಸರಿದ್ದರೆ ಅರ್ಧ ನಂಬಿ, ನಿರೂಪಕರಿದ್ದರೆ ಗಟ್ಟಿ. ಹಳೆಯ ಸಿನಿಮಾದ ದೃಶ್ಯವನ್ನು ಪುಸ್ತಕದ ಸಾಲಿನೊಂದಿಗೆ ಬೆರೆಸಬೇಡಿ, ಬಹುಪಾಲು ಊಹೆಗಳು ಕೆಡುವುದು ಹಾಗೆಯೇ.

ಒಂದು ಮಾದರಿ ನೋಡಿ. ಆ ಕಪಾಟಿರುವ ಮನೆಯ ಮುದಿ ಪ್ರೊಫೆಸರ್ ಹಿಂದೆ ನಾರ್ನಿಯಾ ಕಂಡಿದ್ದರೇ? ಮೊದಲ ಪುಸ್ತಕದಲ್ಲಿ ಕಪಾಟಿನೊಳಗೆ ನಾರ್ನಿಯಾ ಕಂಡೆ ಎಂಬ ಲೂಸಿಯ ಮಾತನ್ನು ಅವರು ತಳ್ಳಿಹಾಕುವುದಿಲ್ಲ. ಕೊನೆಯಲ್ಲಿ, ಕಪಾಟಿನ ದಾರಿಯಿಂದ ಮತ್ತೆ ಹೋಗಲಾಗದು ಎಂದು ಗೊತ್ತಿದ್ದವರಂತೆ ಹೇಳುತ್ತಾರೆ. 1955ಕ್ಕೆ ಮೊದಲೇ ಇಷ್ಟು ಆಧಾರದ ಮೇಲೆ ಊಹಿಸಿದ್ದವರು ಗೆದ್ದರು. ಆ ಪ್ರೊಫೆಸರೇ ಡಿಗರಿ. ಅಮ್ಮನ ಕಾಯಿಲೆ ವಾಸಿಮಾಡಿದ, ನಾರ್ನಿಯಾದಿಂದ ತಂದ ಸೇಬಿನ ದಿಂಡನ್ನು ಹಿತ್ತಲಲ್ಲಿ ಹೂತ, ಮರವಾಯಿತು, ಗಾಳಿಗೆ ಉರುಳಿತು, ಅದರ ಹಲಗೆಯಿಂದ ಕಪಾಟು ಮಾಡಿಸಿದ.

ಎಲ್ಲವನ್ನೂ ಲೂಯಿಸ್ ಮೊದಲೇ ಯೋಜಿಸಿದ್ದರು ಎಂಬ ಊಹೆ ಮಾತ್ರ ನಿಲ್ಲುವುದಿಲ್ಲ. ಪೂರ್ವಕಥೆಯ ಮೊದಲ ಕರಡಿನಲ್ಲಿ ಡಿಗರಿಗೆ ಮರಗಳ, ಪ್ರಾಣಿಗಳ ಭಾಷೆ ತಿಳಿಯುತ್ತಿತ್ತು. ಓಕ್ ಮರದ ಕೊಂಬೆ ಕಡಿದು ಆ ವರ ಕಳೆದುಕೊಳ್ಳುತ್ತಾನೆ. ಅದನ್ನು ಅರ್ಧಕ್ಕೇ ಕೈಬಿಟ್ಟು, ವರ್ಷಗಳ ನಂತರ ಬೇರೆಯದೇ ಕಥೆ ಬರೆದರು. ಇನ್ನು, ಉಂಗುರಗಳು ಕಳೆದುಹೋದವು ಎನ್ನುವವರಿಗೆ ಅಧ್ಯಾಯ ತೆರೆದು ತೋರಿಸಿ: ಮಕ್ಕಳು ಅವನ್ನು ಆ ಸೇಬಿನ ಗಿಡದ ಸುತ್ತಲೇ ಹೂತಿಟ್ಟರು. ಏಳನೇ ಪುಸ್ತಕದಲ್ಲಿ ಪೀಟರ್, ಎಡ್ಮಂಡ್ ಹೋಗಿ ಅಗೆದು ತೆಗೆಯುತ್ತಾರೆ.