ಜೀನ್ ವರದಿ ಬಂದ ದಿನ ಬಿಟ್ಟ ಪಥ್ಯ

ಡೊಂಬಿವಲಿಯ ಓದುಗರೊಬ್ಬರ ಪತ್ರ: “ಅಪ್ಪನಿಗೂ ಅಜ್ಜಿಗೂ ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ನನ್ನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.1. ಮಾತ್ರೆ ಶುರುವಾಗಿಲ್ಲ. ಮಗ ಜೀನ್ ಪರೀಕ್ಷೆ ಮಾಡಿಸಿದ. ತೂಕಕ್ಕೆ ಸಂಬಂಧಿಸಿದ ಎಫ್‌ಟಿಒ ಜೀನಿನಲ್ಲಿ ಅಪಾಯವಿದೆಯಂತೆ. ಆರು ತಿಂಗಳಿಂದ ಮಾಡುತ್ತಿದ್ದ ಪಥ್ಯ ಅಂದೇ ಬಿಟ್ಟೆ. ರಕ್ತದಲ್ಲೇ ಬಂದದ್ದಕ್ಕೆ ಪಥ್ಯ ಮಾಡಿ ಏನು ಪ್ರಯೋಜನ?”

ಉತ್ತರ: ‘ಅಂದೇ ಬಿಟ್ಟೆ’ ಎಂದದ್ದು ಓದಿ ನೋವಾಯಿತು. ಆ ಜೀನ್ ನಿಮ್ಮಲ್ಲಿ ಹುಟ್ಟಿದಾಗಿನಿಂದ ಇದೆ. ಆರು ತಿಂಗಳ ಪಥ್ಯವನ್ನೂ ಅದನ್ನು ಇಟ್ಟುಕೊಂಡೇ ಮಾಡಿದ್ದೀರಿ. ಬಿಡಿಸಿದ್ದು ವರದಿಯ ಕಾಗದ.

ಎಫ್‌ಟಿಒ ಮಾಡುವುದಾದರೂ ಎಷ್ಟು? 2007ರಲ್ಲಿ ಕಂಡುಬಂದಂತೆ, ಅಪ್ಪ-ಅಮ್ಮ ಇಬ್ಬರಿಂದಲೂ ಈ ಜೀನಿನ ಅಪಾಯದ ರೂಪ ಪಡೆದವರ ತೂಕ, ಆ ರೂಪ ಇಲ್ಲದವರಿಗಿಂತ ಸರಾಸರಿ 3 ಕಿಲೊ ಹೆಚ್ಚು. ಪಥ್ಯ ಮಾಡಿದರೆ ಅವರ ತೂಕವೂ ಬೇರೆಯವರಷ್ಟೇ ಇಳಿಯುತ್ತದೆ.

ನಂಬಿಕೆಯ ಪೆಟ್ಟು ಬೇರೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿಜವಾದ ಫಲಿತಾಂಶ ಏನೇ ಇರಲಿ, ಕೆಲವರಿಗೆ ‘ನಿಮ್ಮ ಎಫ್‌ಟಿಒ ಒಳ್ಳೆಯದು’ ಎಂದರು. ಅದೇ ಪಾನೀಯ ಕುಡಿದರೂ ಅವರ ಹೊಟ್ಟೆ ಮೊದಲಿಗಿಂತ ಹೆಚ್ಚು ತುಂಬಿದಂತಾಯಿತು. ಹಸಿವು ತಣಿಸುವ ಜಿಎಲ್‌ಪಿ-1 ಹಾರ್ಮೋನು ಸುಮಾರು ಎರಡೂವರೆ ಪಟ್ಟು ಏರಿತು. ವ್ಯಾಯಾಮದ ಜೀನ್ ಕೆಟ್ಟದೆಂದು ಕೇಳಿದವರು ಟ್ರೆಡ್‌ಮಿಲ್‌ನಲ್ಲಿ ಬೇಗ ಸೋತರು.

ಇನ್ನು ನಮ್ಮವರ ಮಾತು. ಚೆನ್ನೈಯ ಡಾ. ಎ. ರಾಮಚಂದ್ರನ್ ತಂಡ ನಿಮ್ಮಂತೆ ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಕಾಯಿಲೆಯ ಅಪಾಯ ಶೇ. 28.5 ಇಳಿಯಿತು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಗೆ ಸರಿಸಮನಾಗಿ.

ಮತ್ತೆ ಶುರುಮಾಡುವಾಗ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದು ತಪ್ಪಿದರೆ ‘ನೋಡಿ, ವಂಶವೇ ಹೀಗೆ’ ಎನಿಸಿ ಎಲ್ಲವೂ ಬಿದ್ದುಹೋಗುತ್ತದೆ. ಮೊದಲ ಎರಡು ವಾರ ರಾತ್ರಿಯೂಟ ಮಾತ್ರ: ಪಲ್ಯ, ತೊವ್ವೆ ಅಥವಾ ಮೀನು ಮೊದಲು, ಕೊನೆಗೆ ಅನ್ನ, 150 ಮಿ.ಲೀ. ಬಟ್ಟಲಲ್ಲಿ ಅಳೆದು ಒಂದೇ ಸಲ. ನಾರು, ಪ್ರೋಟೀನು ಮುಂದೆ ಹೋದರೆ ಸಕ್ಕರೆ ನಿಧಾನ ಏರುತ್ತದೆ. ಕುಚ್ಚಲಕ್ಕಿಗೂ ಇದೇ ಅಳತೆ. ಅನ್ನ ಬಿಟ್ಟು ನಾಲ್ಕು ಚಪಾತಿ ತಿಂದರೆ ಲಾಭವಿಲ್ಲ. ಉಂಡಮೇಲೆ ಸೊಸೈಟಿಯ ಅಂಗಳದಲ್ಲಿ 15 ನಿಮಿಷ ನಡೆಯಿರಿ.

ಪಥ್ಯ ಕೆಡುವುದು ಸಾಮಾನ್ಯವಾಗಿ ಲೋಕಲ್ ರೈಲು ಇಳಿದ ಹಸಿವಿನಲ್ಲಿ, ಸ್ಟೇಷನ್ ಹೊರಗಿನ ವಡಾ ಪಾವ್ ಗಾಡಿಯ ಮುಂದೆ. ಚೀಲದಲ್ಲಿ ಒಂದು ಹಿಡಿ ಪುಟಾಣಿ ಇರಲಿ. ಆಫೀಸು ಬಿಡುವ ಮೊದಲೇ ತಿನ್ನಿ.

ಪಾಲಿಸಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಚ್‌ಬಿಎ1ಸಿಯನ್ನು ಮೂರು ತಿಂಗಳು ತುಂಬುವ ಮೊದಲು ಮಾಡಿಸಬೇಡಿ: ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಬೇಗ ನೋಡಿದರೆ ಪಥ್ಯ ಬಿಟ್ಟ ದಿನಗಳ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ.