ಓದುಗರ ಪ್ರಶ್ನೆ, ರಂಗದ ಉತ್ತರ: ಅಲ್ಕಾಜಿ ನಿರ್ದೇಶಕರೋ, ಮೇಷ್ಟ್ರೋ?

ಪ್ರಶ್ನೆ: ಮೇಡಂ, ನಮ್ಮ ಕಾಲೇಜಿನ ನಾಟಕ ತಂಡದಲ್ಲಿ ಒಂದು ವಾದ ಎದ್ದಿದೆ. ನಿಜವಾದ ನಿರ್ದೇಶಕ ನಾಟಕ ಮಾಡಿಸುತ್ತಾನೆ, ಕೈಲಾಗದವನು ಅಭಿನಯದ ಪಾಠ ಹೇಳುತ್ತಾನೆ ಎಂದು ಕೆಲವರ ಮಾತು. ಹಾಗಾದರೆ ನಾಟಕವನ್ನೂ ಮಾಡಿಸಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಪಾಠವನ್ನೂ ಹೇಳಿದ ಇಬ್ರಾಹಿಂ ಅಲ್ಕಾಜಿಯವರನ್ನು ಎಲ್ಲಿಡಬೇಕು?
- ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮ ಗೆಳೆಯರಿಗೆ ಮೊದಲು ಅಲ್ಕಾಜಿಯವರ ಮುಂಬೈ ದಿನಗಳ ಬಗ್ಗೆ ಹೇಳಿ. ಅವರು ಹುಟ್ಟಿದ್ದು 1925ರಲ್ಲಿ, ಪುಣೆಯಲ್ಲಿ. ತಂದೆ ಸೌದಿ ಅರೇಬಿಯಾ ಮೂಲದ ವ್ಯಾಪಾರಿ, ತಾಯಿ ಕುವೈತಿನವರು. ಮುಂಬೈಯಲ್ಲಿ ಓದುವಾಗ ಸುಲ್ತಾನ್ ಪದಮ್ಸಿಯವರ ಥಿಯೇಟರ್ ಗ್ರೂಪ್ ಸೇರಿದರು, ಆಮೇಲೆ ಲಂಡನ್ನಿನ ಹೆಸರಾಂತ ನಾಟಕ ಶಾಲೆ ರಾಡಾದಲ್ಲಿ ಕಲಿತರು. ಅಲ್ಲೇ ನೆಲೆಯೂರದೆ ಮರಳಿ ಬಂದು ಥಿಯೇಟರ್ ಯೂನಿಟ್ ಎಂಬ ತಂಡ ಕಟ್ಟಿದರು. ತಾವು ವಾಸವಿದ್ದ ಕಟ್ಟಡದ ತಾರಸಿಯನ್ನೇ ರಂಗಮಂದಿರ ಮಾಡಿಕೊಂಡು ಗ್ರೀಕ್ ನಾಟಕ ಆಡಿಸಿದರು. ಉಡುಪಿನ ಕೆಲಸ ಹೆಂಡತಿ ರೋಶನ್ ಅವರದು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಹೊಣೆ ಹೊರುವಾಗ ಅವರು ಆಗಲೇ ಹೆಸರು ಮಾಡಿದ ನಿರ್ದೇಶಕರು. ಅವರನ್ನು ಪಾಠಕ್ಕೆ ತಂದದ್ದು ಸೋಲಲ್ಲ.

ಶಾಲೆ ಶುರುವಾಗಿದ್ದು 1959ರಲ್ಲಿ, ಆಗಿನ್ನೂ ಎಳೆಯ ಸಂಸ್ಥೆ. ಅದಕ್ಕೊಂದು ಕ್ರಮ ಬಂದದ್ದು ಅಲ್ಕಾಜಿಯವರ ಕಾಲದಲ್ಲಿ. ನಟನಾಗಲು ಬಂದವನೂ ರಂಗಸಜ್ಜಿಕೆ ಕಟ್ಟಬೇಕು, ಬೆಳಕು ಕಲಿಯಬೇಕು, ಉಡುಪು ಮಡಿಚಿಡಬೇಕು. ಚಿತ್ರಕಲೆ ನೋಡಬೇಕು, ಇತಿಹಾಸ ಓದಬೇಕು. ಅವರೇನೂ ನಿರ್ದೇಶನ ಬಿಡಲಿಲ್ಲ. 1963ರಲ್ಲಿ ದೆಹಲಿಯ ಫಿರೋಜ್ ಶಾ ಕೋಟ್ಲಾದ ಪಾಳು ಗೋಡೆಗಳ ನಡುವೆ ಧರ್ಮವೀರ ಭಾರತಿಯವರ ಹಿಂದಿ ನಾಟಕ 'ಅಂಧಾ ಯುಗ್', 1974ರಲ್ಲಿ ಅಲ್ಲಿನ ಹಳೆಯ ಕೋಟೆ ಪುರಾನಾ ಕಿಲಾದಲ್ಲಿ ಸುಲ್ತಾನನ ಕಥೆಯ 'ತುಘಲಕ್' ಮಾಡಿಸಿದರು. ನನ್ನ ಮಟ್ಟಿಗೆ ಅವರ ಅತಿ ದೊಡ್ಡ ತರಗತಿಗಳು ಇವೇ.

ಯಾಕೆ ಅನ್ನುತ್ತೀರಾ? ಕೋಟೆಯ ಮುಂದೆ ನಿಂತ ನಟನಿಗೆ ಸಣ್ಣ ಕೋಣೆಯ ಅಭಿನಯ ಉಪಯೋಗಕ್ಕೆ ಬರುವುದಿಲ್ಲ. ಮೆಟ್ಟಿಲು ಇಳಿಯುವ ಹೊತ್ತಿಗೇ ಅವನು ಸುಲ್ತಾನ ಅನ್ನಿಸಬೇಕು, ಮಾತು ಆಡಿದ ಮೇಲಲ್ಲ. ಇನ್ನು ದನಿಯ ವಿಷಯ. ನಾನು ಅಭಿನಯ ಕಲಿಸುವ ಮಕ್ಕಳನ್ನು ಬಯಲಿಗೆ ಕರೆದೊಯ್ದು ಒಬ್ಬರನ್ನು ಆ ತುದಿಯಲ್ಲಿ ನಿಲ್ಲಿಸಿ, ಇನ್ನೊಬ್ಬರ ಕೈಲಿ 'ನಾನು ಅವನನ್ನು ಯಾವತ್ತೂ ಕ್ಷಮಿಸುವುದಿಲ್ಲ' ಎಂದು ಹೇಳಿಸುತ್ತೇನೆ. ಕೂಗುವ ಹುಡುಗ 'ನಾನು ಅವನನ್ನು' ಅನ್ನುವಷ್ಟರಲ್ಲೇ ಉಸಿರು ಖರ್ಚು ಮಾಡಿಬಿಡುತ್ತಾನೆ. ಕೊನೆಯ 'ಇಲ್ಲ' ಗಾಳಿಗೆ ಹೋಗುತ್ತದೆ. ಆ ತುದಿಯಲ್ಲಿದ್ದವರಿಗೆ ಯಾರ ಮೇಲೋ ಸಿಟ್ಟು ಬಂದಿದೆ ಅಂತ ಗೊತ್ತಾಗುತ್ತದೆ, ಕ್ಷಮಿಸಿದನೋ ಬಿಟ್ಟನೋ ಗೊತ್ತಾಗುವುದಿಲ್ಲ. ನಮ್ಮ ವಾಕ್ಯದ ತೀರ್ಪು ಕೊನೆಯಲ್ಲಿರುತ್ತದೆ, ಹಿಂದಿಯಲ್ಲೂ ಹಾಗೆಯೇ. ಉಸಿರನ್ನು ಅಲ್ಲಿಯತನಕ ಉಳಿಸಿಕೊಳ್ಳುವುದೇ ಬಯಲು ನಾಟಕದ ಮೊದಲ ಪಾಠ. ಅದನ್ನು ಕಪ್ಪು ಹಲಗೆಯ ಮೇಲೆ ಬರೆದು ಕಲಿಸಲಾಗದು, ಬಯಲಿನಲ್ಲೇ ನಿಲ್ಲಿಸಬೇಕು. ಅಲ್ಕಾಜಿ ನಿಲ್ಲಿಸಿದರು.

ಹಾಗಾಗಿ ನಿರ್ದೇಶಕರೋ ಮೇಷ್ಟ್ರೋ ಎಂದು ಬೇರೆ ಮಾಡಿ ಕೇಳುವುದನ್ನೇ ನಾನು ಒಪ್ಪುವುದಿಲ್ಲ. ನಾಸಿರುದ್ದೀನ್ ಶಾ, ಓಂ ಪುರಿ, ಸುರೇಖಾ ಸಿಕ್ರಿ, ರೋಹಿಣಿ ಹಟ್ಟಂಗಡಿ, ಉತ್ತರಾ ಬಾವಕರ್ ಎಲ್ಲರೂ ಅವರ ಕೈಕೆಳಗೆ ಕಲಿತವರೇ. ಒಬ್ಬರ ನಟನೆ ಇನ್ನೊಬ್ಬರಂತಿಲ್ಲ. ತನ್ನ ಅಚ್ಚು ಒತ್ತುವ ಮೇಷ್ಟ್ರಾಗಿದ್ದರೆ ಹೀಗಾಗುತ್ತಿರಲಿಲ್ಲ.

ಪ್ರಶ್ನೆ: ಕನ್ನಡ ರಂಗಭೂಮಿಗೂ ಅವರಿಗೂ ನಂಟಿದೆಯೇ?
- ಹವ್ಯಾಸಿ ಕಲಾವಿದೆ, ಶಿವಮೊಗ್ಗ

ಉತ್ತರ: ಗಟ್ಟಿ ನಂಟೇ ಇದೆ. ಬಿ.ವಿ. ಕಾರಂತರು ಅವರ ಶುರುವಿನ ವರ್ಷಗಳ ಶಿಷ್ಯರು. ಗುಬ್ಬಿ ಕಂಪನಿಯಲ್ಲಿ ಬೆಳೆದ ಹುಡುಗ, ಕಾಶಿಯಲ್ಲಿ ಹಿಂದಿ ಓದಿ, ಅಲ್ಲಿಂದ ದೆಹಲಿಯ ಶಿಸ್ತಿಗೆ ಬಂದರು. ಗಿರೀಶ ಕಾರ್ನಾಡರ 'ತುಘಲಕ್' ಕನ್ನಡದಿಂದ ದೆಹಲಿಯ ರಂಗಕ್ಕೆ ದಾಟಿದ್ದು ಕಾರಂತರ ಅನುವಾದದಿಂದ. ಅಲ್ಕಾಜಿಯವರ ಪುರಾನಾ ಕಿಲಾ ಪ್ರದರ್ಶನದಲ್ಲಿ ಸುಲ್ತಾನನಾಗಿ ನಿಂತವರು ಮನೋಹರ ಸಿಂಗ್. 1977ರಲ್ಲಿ ಅಲ್ಕಾಜಿ ಶಾಲೆ ಬಿಟ್ಟಾಗ ಅದೇ ಕುರ್ಚಿಗೆ ಬಂದವರೂ ಕಾರಂತರೇ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ನಿರ್ದೇಶಕ ಪ್ರಸನ್ನ ಅದೇ ಶಾಲೆಯಲ್ಲಿ ಕಲಿತು ಬಂದರು.

ಅಲ್ಕಾಜಿಯವರದು ಪಶ್ಚಿಮದ ಕಣ್ಣು ಎಂಬ ದೂರು ಹಳೆಯದು. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಶಾಂತಾ ಗಾಂಧಿಯವರು ಗುಜರಾತಿನ ಜಾನಪದ ನಾಟಕ ಭವಾಯಿಯ ಧಾಟಿಯಲ್ಲಿ 'ಜಸ್ಮಾ ಓಡನ್' ಮಾಡಿಸಿದ್ದು ಅವರ ಕಾಲದ ಅದೇ ಶಾಲೆಯಲ್ಲಿ ಎಂಬುದನ್ನು ದೂರುವವರು ನೆನೆಯುವುದಿಲ್ಲ. ಕಾರಂತರು ಜಾನಪದ ರೂಪಗಳನ್ನೂ ಸಂಗೀತವನ್ನೂ ಮುಂದಕ್ಕೆ ತಂದರು. ಗುರು ಹಾಕಿದ ಶಿಸ್ತು ಗಟ್ಟಿಯಿದ್ದುದರಿಂದಲೇ ಶಿಷ್ಯ ಬೇರೆ ದಾರಿಗೆ ಅಷ್ಟು ಧೈರ್ಯವಾಗಿ ಹೊರಳಿದರು ಎಂದು ನನ್ನ ನಂಬಿಕೆ. ಮುಂದೆ 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಬಂದದ್ದು ಈ ಎರಡೂ ಸೇರಿದ ಕಾರಂತರು.

ಪ್ರಶ್ನೆ: ಅಲ್ಕಾಜಿ ತೀರಾ ಕಟ್ಟುನಿಟ್ಟಿನವರಂತೆ. ನನ್ನ ಮಗಳು ಅಭಿನಯ ಕಲಿಯಲು ಹೊರಟಿದ್ದಾಳೆ. ಮೇಷ್ಟ್ರು ಅಷ್ಟು ಗಟ್ಟಿಯಾಗಿರಬೇಕೇ?
- ತಾಯಿ, ಮೈಸೂರು

ಉತ್ತರ: ಕಟ್ಟುನಿಟ್ಟು ಬೇರೆ, ಅವಮಾನ ಬೇರೆ, ತಾಯಿ. ಶೌಚಾಲಯ ಕೊಳಕಾಗಿದ್ದರೆ ಅಲ್ಕಾಜಿ ತಾವೇ ತೊಳೆದು ತೋರಿಸುತ್ತಿದ್ದರೆಂದು ಅವರ ಶಿಷ್ಯರು ಹೇಳಿಕೊಳ್ಳುತ್ತಾರೆ. ನಾನು ಗೌರವಿಸುವುದು ಆ ಶಿಸ್ತನ್ನು: ತಾನು ಮೊದಲು ಮಾಡುವುದು. ನಮ್ಮ ತಾಲೀಮಿನ ಕೋಣೆಯನ್ನು ನಾವೇ ಗುಡಿಸುತ್ತೇವೆ, ಪೊರಕೆ ನನ್ನ ಕೈಯಲ್ಲೂ ಇರುತ್ತದೆ. ಬರಿಗಾಲಲ್ಲಿ ನೆಲಕ್ಕೆ ಬೀಳುವ, ಉರುಳುವ ಮಕ್ಕಳಿಗೆ ಅಲ್ಲೊಂದು ಮೊಳೆ ಉಳಿದರೂ ಅಪಾಯ.

ಮಗಳನ್ನು ಸೇರಿಸುವ ಮುಂಚೆ ಒಂದು ದಿನ ಹೋಗಿ ತಾಲೀಮು ನೋಡಿ. ಮೇಷ್ಟ್ರು ತಪ್ಪು ತೋರಿಸುವಾಗ ಕೆಲಸದ ಬಗ್ಗೆ ಮಾತಾಡುತ್ತಾರೋ, ಹುಡುಗಿಯ ಬಣ್ಣ, ಮೈಕಟ್ಟು, ಮನೆತನದ ಬಗ್ಗೆಯೋ ಗಮನಿಸಿ. ಎರಡನೆಯದಾದರೆ ಎಷ್ಟೇ ಹೆಸರಿರಲಿ, ಕರೆದುಕೊಂಡು ಬನ್ನಿ. ಅಳಿಸಿದರೇ ಅಭಿನಯ ಹೊರಬರುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಹೆದರಿದ ಮೈ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ಉಸಿರು ಎದೆಯಿಂದ ಕೆಳಗಿಳಿಯುವುದಿಲ್ಲ, ಉಸಿರಿಲ್ಲದೆ ದನಿಯಿಲ್ಲ.

ಪ್ರಶ್ನೆ: ಶಾಲೆ ಬಿಟ್ಟ ಮೇಲೆ ಅವರು ಏನು ಮಾಡಿದರು?
- ಓದುಗರು, ಕಾರವಾರ

ಉತ್ತರ: ಚಿತ್ರಕಲೆಯ ಕಡೆ ಹೊರಳಿದರು. ರೋಶನ್ ಅವರೊಂದಿಗೆ ದೆಹಲಿಯಲ್ಲಿ ಆರ್ಟ್ ಹೆರಿಟೇಜ್ ಗ್ಯಾಲರಿ ಕಟ್ಟಿದರು, ಹಳೆಯ ಛಾಯಾಚಿತ್ರಗಳ ದೊಡ್ಡ ಸಂಗ್ರಹ ಮಾಡಿದರು. 2010ರಲ್ಲಿ ಪದ್ಮವಿಭೂಷಣ ಬಂತು. 2020ರ ಆಗಸ್ಟ್ 4ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗಳು ಅಮಲ್ ಅಲ್ಲಾನಾ ಕೂಡ ರಂಗ ನಿರ್ದೇಶಕಿ.